ಮಾಳಪ್ಪನ ಐದನೇ ಸೆಷನ್

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆಮೇಲೆ ಉಳಿದವರ ತಪ್ಪಿಗೆ ಬಾಯಿ ಹಾಕಲು ಅನುಕೂಲ. ಸತ್ತುಹೋದ ಕುರಿಗಾರನೊಬ್ಬನ ದನಿ ಇದ್ದ ಸಿಡಿಯನ್ನು ನಾನು ಕೆಡಿಸಿದೆ. ಕೆಡಿಸಿದೆ ಅಂತ ಅವನ ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ. ಅದಕ್ಕೆ ಅವನ ದನಿಯನ್ನು ನನ್ನ ಗಂಟಲಿನಿಂದಲೇ ತೆಗೆದು, ಹೊಸ ಸಿಡಿಗೆ ಬರ್ನ್ ಮಾಡಿ, ಮೇಲೆ ಅವನ ಹೆಸರು ಬರೆದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಅಂದು ನಾನು ಭಾರೀ ಕಲಾವಿದ ಎಂದುಕೊಂಡಿದ್ದೆ. ಮುಂದೆ ಓದಿದರೆ ನಾನು ಏನು ಎಂದು ನಿಮಗೇ ತಿಳಿಯುತ್ತದೆ.

ನನ್ನ ಹೆಸರು ಸಂಗಮೇಶ. ಜಹೀರಾಬಾದಿನಲ್ಲಿ ಸಂಗ್ಯಾ, ನಾರಾಯಣಖೇಡದಲ್ಲಿ ಸಂಗಪ್ಪ, ತಾಂಡೂರಿಗೆ ಹೋಗುವಷ್ಟರಲ್ಲಿ ಹೆಸರೂ ಸವೆದು ಬರೀ ‘ಸಿಡಿ ಅಣ್ಣಾ’. ಹನ್ನೊಂದು ವರ್ಷ ಸಿಡಿ ಬರ್ನ್ ಮಾಡಿ ಇಪ್ಪತ್ತೊಂಬತ್ತಕ್ಕೆ ನಿವೃತ್ತನಾದೆ. ನನ್ನನ್ನು ಯಾರೂ ನಿವೃತ್ತಿ ಮಾಡಲಿಲ್ಲ. ಕೆಲಸವೇ ಎದ್ದು ಹೋಯಿತು, ನಾನು ಅದರ ಹಿಂದೆ ಶಟರ್ ಎಳೆದು ಬಂದೆ. ಹಾರ ಇಲ್ಲ, ಶಾಲು ಇಲ್ಲ, ನನ್ನ ಬಗ್ಗೆ ನಾಲ್ಕು ಒಳ್ಳೆ ಮಾತಾಡುವವರೂ ಇಲ್ಲ. ಆ ನಾಲ್ಕು ಮಾತನ್ನು ನಾಲ್ಕು ಜನರ ದನಿಯಲ್ಲಿ ನಾನೇ ಆಡಿಕೊಂಡೆ. ಬಡ್ತಿಯ ವಿಷಯ ಕೇಳಬೇಡಿ. ಸ್ಟೂಲಿನಿಂದ ಕುರ್ಚಿಗೆ ಬಂದಿದ್ದೆ, ಅಷ್ಟೇ. ಆ ಕುರ್ಚಿಗೂ ಒಂದು ಕೈ ಇರಲಿಲ್ಲ. ಈಗ ಕೊಡಂಗಲ್ಲಿನಲ್ಲಿ ಅಂಗಡಿಗಳಿಗೆ ಸಿಸಿ ಕ್ಯಾಮೆರಾ ಕೂಡಿಸುತ್ತೇನೆ.

ಹಳೇ ಕ್ಯಾಸೆಟ್ಟು, ಸಿಡಿಗಳಲ್ಲಿ ಇದ್ದದ್ದನ್ನು ತೆಗೆದು ಮೊಬೈಲಿಗೆ ಹಾಕಿಕೊಡುವ ಹೊಸ ಕೆಲಸ ಹಿಡಿದ ತಮ್ಮಂದಿರು ಆಗಾಗ ಫೋನ್ ಮಾಡುತ್ತಾರೆ. “ಅಣ್ಣಾ, ಈ ಡಿಸ್ಕಿನ್ಯಾಗ ಏನೂ ಕಾಣಲ್ದು. ಬೀಸಾಕ್ಲ್ಯಾ?” ಅಂತ ಕೇಳುತ್ತಾರೆ. ಬಿಸಾಡಬೇಡಿ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಕರೆನ್ಸಿ ತೀರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈ ವಿದ್ಯೆ ಕಲಿಸಿದವರು ಜಹೀರಾಬಾದಿನ ಗಫೂರ್ ಉಸ್ತಾದರು. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರದು ಟೇಪ್ ರಿಪೇರಿ ಅಂಗಡಿ. ಅವರಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ, ಇನ್ನೊಂದರಲ್ಲಿ ಇಡೀ ಊರು ಕೇಳಿಸುತ್ತಿತ್ತು. ಮೂಗಿನಿಂದ ಮಾತು, ಅರ್ಧ ಕನ್ನಡ ಅರ್ಧ ದಖನಿ. ನಾನು ಕೆಲಸಕ್ಕೆ ಸೇರಿದ ಎರಡನೇ ದಿನವೇ ಅವರ ನಕಲು ಮಾಡಿ ಸಿಕ್ಕಿಬಿದ್ದೆ. ಹಿಂದೆ ನಿಂತು ಪೂರ್ತಿ ಕೇಳಿ, “ಮೂಗು ಸರಿ ಅದ. ಅಕಲ್ ಯಾವಾಗ ಬರ್ತದೋ ಗಧೇ?” ಅಂದರು. ಬುದ್ಧಿಯ ವಿಷಯದಲ್ಲಿ ಅವರು ಕೊನೆತನಕ ಕಾದರು, ಪಾಪ.

ಲಿನಕ್ಸ್ ನಮ್ಮ ಅಂಗಡಿಗೆ ಬಂದದ್ದು ವೈರಸ್ಸಿನ ಕಾಟದಿಂದ. ಗಿರಾಕಿಗಳ ಪೆನ್‌ಡ್ರೈವಿನಲ್ಲಿ ಬರುತ್ತಿದ್ದ ವೈರಸ್ಸು ವಾರಕ್ಕೊಮ್ಮೆ ಕಂಪ್ಯೂಟರನ್ನು ಮಲಗಿಸುತ್ತಿತ್ತು. ಕೊನೆಗೆ ಉಸ್ತಾದರ ಅಳಿಯ ಹೈದರಾಬಾದಿನಿಂದ ಬಂದು ವೈರಸ್ಸಿಗೆ ಜಗ್ಗದ ಲಿನಕ್ಸ್ ಹಾಕಿ, ಹತ್ತು ಕಮಾಂಡುಗಳನ್ನು ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕಿ ಹೋದ. ಕಪ್ಪು ಪರದೆ, ಬಿಳಿ ಅಕ್ಷರ. ಗಿರಾಕಿಗಳು ಬಗ್ಗಿ ನೋಡಿ, “ಮಷಿನ್ ಕೆಟ್ಟದೇನ್ರಿ?” ಅನ್ನುತ್ತಿದ್ದರು. ಆ ಕಪ್ಪು ಪರದೆಯ ಮೇಲೆ ಟಕಟಕ ಒಂದು ಸಾಲು ಬರೆದು ಎಂಟರ್ ಒತ್ತಿದಾಗ, ಸಿಡಿ ರೈಟರಿನ ದೀಪ ಮಿಣುಕುತ್ತಿತ್ತು. ನಾನು ಮಾತ್ರ ಮಂತ್ರವಾದಿಯ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದೆ.

ಆ ಮಂತ್ರ ಒಮ್ಮೆ ತಿರುಗಿಬಿತ್ತು. ಊರಿನ ಬೇಳೆ ವ್ಯಾಪಾರಿ ರೇವಣಸಿದ್ದಪ್ಪ ಸಾವ್ಕಾರರ ತಾಯಿ ತೀರಿಕೊಂಡಿದ್ದರು. ಶಿವಗಣಾರಾಧನೆಯ ದಿನ ಹಚ್ಚಲು ವಚನಗಳ ಆಡಿಯೋ ಸಿಡಿ ಬೇಕೆಂದರು. ಆಡಿಯೋ ಸಿಡಿ ಬೇರೆ, ಡೇಟಾ ಸಿಡಿ ಬೇರೆ. ಆಡಿಯೋ ಸಿಡಿ, ಸಿಡಿ ಹಚ್ಚುವ ಹಳೇ ಟೇಪಿಗೂ ತಿಳಿಯುತ್ತದೆ. ಡೇಟಾ ಸಿಡಿ ಅಂದರೆ ಕಂಪ್ಯೂಟರಿನ ಗಂಟು. ಅದರಲ್ಲಿ ಹಾಡು, ಫೋಟೋ ಏನು ಬೇಕಾದರೂ ಕಟ್ಟಬಹುದು, ಆದರೆ ಹಳೇ ಟೇಪಿಗೆ ಆ ಗಂಟು ಬಿಚ್ಚಲು ಬರುವುದಿಲ್ಲ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿರದಿದ್ದದ್ದು ಇನ್ನೊಂದು. ಕಂಪ್ಯೂಟರಿಗೆ ಹಾಡೆಂದರೆ ಅಂಕಿಗಳ ಜೋಡಿ ಸಾಲು. ಕೆಲವು ಫೈಲುಗಳಲ್ಲಿ ಆ ಜೋಡಿಗಳ ಹಿಂದುಮುಂದು ಬದಲಾಗಿರುತ್ತದೆ, ಬರೆಯುವಾಗ ಅದನ್ನು ಹೇಳಬೇಕು. ಹೇಳದಿದ್ದರೆ ಹಾಡಿನ ಬದಲು ಕಿವಿ ಹರಿಯುವ ಭೋರ್ಗರೆತ ಬರುತ್ತದೆ. ನಾನು ಹೇಳಲಿಲ್ಲ. ಬರೆದ ಮೇಲೆ ಕೇಳಲೂ ಇಲ್ಲ. ಜಂಗಮರು, ಬೀಗರು, ಊರಿನ ಹಿರಿಯರು ಕೂತಿದ್ದಾಗ ದೊಡ್ಡ ಸ್ಪೀಕರಿನಲ್ಲಿ ಸಿಡಿ ಹಚ್ಚಿದರು.

ಮಾರನೇ ದಿನ ಸಾವ್ಕಾರರು ಅಂಗಡಿಗೆ ಬಂದರು. ಬೈಯಲಿಲ್ಲ. ಸಿಡಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಅಂದರು: “ನಮ್ಮವ್ವ ಕೈಲಾಸಕ್ಕ ಹೋಗ್ಯಾಳಂತ ನಂಬಿಕೊಂಡು ಕುಂತಿದ್ವಿ. ನೀ ಎಲ್ಲಾರಿಗೂ ಎಣ್ಣಿ ಕಡಾಯಿ ಸಪ್ಪಳ ಕೇಳಿಸಿದಿ.”

ಅವರ ದನಿ ನಡುಗುತ್ತಿತ್ತು. ಆ ನಡುಕವನ್ನೂ ನಾನು ಕಲಿತುಕೊಂಡೆ, ಆಮೇಲೆ ಗೆಳೆಯರ ಮುಂದೆ ಮಾಡಿಯೂ ತೋರಿಸಿದೆ. ನನ್ನ ಗುಣವೇ ಅಂಥದ್ದು.

ಅವತ್ತು ಉಸ್ತಾದರು ಎರಡು ನಿಯಮ ಹಾಕಿದರು. ಒಂದು, ಬರೆದ ಸಿಡಿಯನ್ನು ಪೂರ್ತಿ ಕೇಳದೆ ಗಿರಾಕಿಗೆ ಕೊಡಬಾರದು. ಎರಡು, ಗಿರಾಕಿಯ ಡಿಸ್ಕನ್ನು ಮುಟ್ಟುವ ಮೊದಲು ಅದರೊಳಗಿನದನ್ನೆಲ್ಲ ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. “ಪೈಲೆ ಕಾಪಿ, ಫಿರ್ ರೈಟ್”, ಮೊದಲು ಕಾಪಿ ಆಮೇಲೆ ಬರಹ, ಅನ್ನುವುದು ಅವರ ಮಾತು. ಮೂಗಿನಿಂದ ಬರುತ್ತಿದ್ದ ಆ ಮಾತು ಕೇಳಲು ಎಷ್ಟು ಚೆಂದವಿತ್ತೆಂದರೆ, ನಾನು ಅದರ ದನಿಯನ್ನಷ್ಟೇ ಇಟ್ಟುಕೊಂಡು ಅರ್ಥವನ್ನು ಅಲ್ಲೇ ಬಿಟ್ಟೆ.

ಮುಂದಿನ ವರ್ಷ ಉಸ್ತಾದರು ನಾರಾಯಣಖೇಡದಲ್ಲಿ ಒಂದು ಸಣ್ಣ ಅಂಗಡಿ ತೆಗೆದು ನನ್ನನ್ನು ಒಬ್ಬನೇ ಕೂರಿಸಿದರು. ಅಲ್ಲಿ ಹೆಚ್ಚಾಗಿ ನಡೆಯುತ್ತಿದ್ದದ್ದು ಜೋಡು ಡಿಸ್ಕಿನ ಕೆಲಸ. ಹಳ್ಳಿಯವರು ಒಂದೇ ಡಿಸ್ಕ್ ಇಟ್ಟುಕೊಂಡು, ಸಂತೆಗೆ ಬಂದಾಗಲೆಲ್ಲ ಅದಕ್ಕೇ ಒಂದಿಷ್ಟು ಸೇರಿಸಿಕೊಂಡು ಹೋಗುತ್ತಿದ್ದರು. ಮದುವೆಯ ಫೋಟೋ, ಭಜನೆ, ಮಗುವಿನ ತೊದಲು, ಎಲ್ಲ ಒಂದರ ಬೆನ್ನಿಗೆ ಒಂದು. ಒಂದೊಂದು ಸಲ ಬರೆದದ್ದಕ್ಕೂ ಒಂದು ಸೆಷನ್ ಅನ್ನುತ್ತಾರೆ.

ಸೆಷನ್ ಜೋಡಿಸುವ ರೀತಿ ಹೀಗಿತ್ತು. ಹಳೇ ಬರಹ ಎಲ್ಲಿ ಶುರು, ಹೊಸದು ಎಲ್ಲಿಂದ ಶುರು ಆಗಬೇಕು ಅಂತ ಮೊದಲು ಡಿಸ್ಕನ್ನೇ ಕೇಳಬೇಕು. ಅದು ಎರಡು ಅಂಕಿ ಹೇಳುತ್ತದೆ. ಹೊಸ ಸೆಷನ್ ಕಟ್ಟುವಾಗ ಆ ಎರಡು ಅಂಕಿ ಕೊಡಬೇಕು, ಜೊತೆಗೆ ಡಿಸ್ಕಿನ ಹಳೇ ಬರಹವನ್ನೂ ತೋರಿಸಬೇಕು. ಹಾಗೆ ತೋರಿಸಿದರೆ ಹೊಸ ಸೆಷನ್ನಿನ ಪಟ್ಟಿಯಲ್ಲಿ ಹಳೆಯದೆಲ್ಲ ಸೇರಿಕೊಳ್ಳುತ್ತದೆ. ಕಂಪ್ಯೂಟರು ಡಿಸ್ಕ್ ತೆರೆದಾಗ ಓದುವುದು ಕೊನೆಯ ಪಟ್ಟಿಯನ್ನು ಮಾತ್ರ.

ಮಾಳಪ್ಪ ಬರಲು ಶುರು ಮಾಡಿದ್ದು ಆ ಅಂಗಡಿಗೆ. ನಾಗಲಗಿದ್ದದ ಆಚೆ ಒಂದು ಹಟ್ಟಿಯವನು. ಹೆಗಲ ಮೇಲೆ ಕಂಬಳಿ, ಕಂಬಳಿಯೊಳಗೆ ಡಿಸ್ಕ್. ಕುರಿಗಾರರ ದೇವರು ಬೀರಪ್ಪನ ಮೇಲೆ ಹಾಡುತ್ತಿದ್ದ. ದನಿ ದೊಡ್ಡದೇನಲ್ಲ. ಮುಂದಿನ ಹಲ್ಲು ಒಂದು ಇರಲಿಲ್ಲವಾದ್ದರಿಂದ ಸಾಲಿನ ಕೊನೆಗೆ ಸಣ್ಣ ಸಿಳ್ಳೆಯೊಂದು ತಾನಾಗಿ ಬರುತ್ತಿತ್ತು. ಮೂರು ಸಲ ಬಂದು ಮೂರು ಹಾಡು ಹಾಡಿದ, ಮೂರು ಸೆಷನ್ ಆಯಿತು. ಎರಡನೇ ಸಲ ಬಂದಾಗ ನಾನು ಅವನ ದನಿಯಲ್ಲೇ, ಸಿಳ್ಳೆಯ ಸಮೇತ, “ಬಾ ತಮ್ಮಾ, ಕುಂದ್ರು” ಅಂದೆ. ಅವನು ಬೆಚ್ಚಿ ಹಿಂದೆ ತಿರುಗಿ ನೋಡಿದ. ಆಮೇಲೆ ನಕ್ಕು ನಕ್ಕು ಕಣ್ಣೊರೆಸಿಕೊಂಡ.

“ಏ ಮಾರಾಯಾ, ನನಗಿಂತಾ ನೀನೇ ಮಾಳಪ್ಪ ಇದ್ದಿ. ನನ್ನ ಹೇಣ್ತಿ ಮುಂದ ಮಾತ್ರ ಮಾಡಬ್ಯಾಡಪಾ, ರೊಟ್ಟಿ ಬಡ್ದು ಊಟಕ್ಕ ಕುಂದ್ರಿಸ್ಯಾಳು!”

ಈ ಮಾತನ್ನು ನಾನು ಪ್ರಶಸ್ತಿಯ ಹಾಗೆ ಎದೆಗೆ ಹಚ್ಚಿಕೊಂಡೆ. ಮುಂದೆ ನಾನು ಮಾಡಿದ್ದಕ್ಕೆ ಧೈರ್ಯ ಬಂದದ್ದು ಅಲ್ಲಿಂದಲೇ.

ನಾಲ್ಕನೇ ಸಲ ಬಂದಾಗ ಕಣ್ಣು ಅರಿಸಿನದ ಹಾಗಿತ್ತು. ಹೊಟ್ಟೆ ಉಬ್ಬಿ, ಕಾಲು ಬತ್ತಿತ್ತು. ಕೂರಲು ಅವನಿಗೆ ಹೊತ್ತು ಹಿಡಿಯಿತು.

“ಇವತ್ತ ಹಾಡಲ್ಲ ತಮ್ಮಾ, ಕೂಗು.”

“ಯಾರ್ನ ಕೂಗ್ತಿ ಅಣ್ಣಾ?”

“ಕುರಿಗೋಳ್ನ. ನಾ ಹ್ವಾದ ಮ್ಯಾಲ ಲಚ್ಚವ್ವ ಅವುನ್ನ ಹೊಡ್ಕೊಂಡು ಹೋಗಬೇಕಲ್ಲ. ಅಕಿ ದನಿಗಿ ಅವು ಬರಲ್ಲವು. ನನ್ನ ಕೂಗು ಟೇಪಿನ್ಯಾಗ ಇದ್ರ ನಾಕ್ ದಿನಾ ಹಚ್ತಾಳ, ಸಂಗಡ ತಾನೂ ಕೂಗ್ತಾಳ. ಆಮ್ಯಾಲ ಅವು ಅಕಿವೇ ಆಗ್ತಾವ. ಇಲ್ಲಾಂದ್ರ ನಮ್ಮಣ್ಣ ಮಾರಿಬಿಡ್ತಾನ. ಅಕಿಗಿ ಬ್ಯಾರೆ ಏನೈತಿ?”

ಕುರಿಗೆ ಸಿಡಿ ಮಾಡಿಕೊಡುವವನು ಈ ಜಿಲ್ಲೆಯಲ್ಲಿ ನಾನೇ ಮೊದಲಿಗ ಅಂತ ಹಾಸ್ಯ ಮಾಡಿದೆ. ಅವನೂ ನಕ್ಕ, ನಗುವಾಗ ಹೊಟ್ಟೆ ಹಿಡಿದುಕೊಂಡ. ಆಮೇಲೆ ಎದ್ದು ಮೈಕಿನ ಮುಂದೆ ಎರಡು ಕೈ ಮೊಣಕಾಲಿಗೆ ಊರಿ, ನಾಲಿಗೆ ಮಡಚಿ ಟ್ರ್‌ರ್‌ರ್ ಅಂತ ಎಳೆದು, ಕೊನೆಗೆ “ಹೋಽಽ ಬಾ” ಅಂತ ಕೂಗಿದ. ಕೂಗಿ ಸುಮ್ಮನಾದ. ಎಷ್ಟೋ ಹೊತ್ತು ಹಾಗೇ ನಿಂತ. ಮತ್ತೆ ಕೂಗಿದ, ಮತ್ತೆ ಸುಮ್ಮನಾದ. ನನಗೆ ತಡೆಯಲಾಗಲಿಲ್ಲ.

“ಅಣ್ಣಾ, ನಡುವ ಸುಮ್ಮ ಯಾಕ ನಿಲ್ತಿ? ಡಿಸ್ಕ್ ಖಾಲಿ ಹೋಗ್ತದ.”

“ಅವು ಬರಬೇಕಲ್ಲೋ” ಅಂದ.

ಎಳ್ಳಮಾವಾಸ್ಯೆಗೆ ಮೊದಲೇ ಮಾಳಪ್ಪ ಹೋದ.

ಅವನ ದಿನಕರ್ಮ ಮುಗಿದ ಮೇಲೆ, ಒಂದು ಸಂತೆಯ ದಿನ ಲಚ್ಚವ್ವ ಬಂದಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಮೈಯ ಹೆಂಗಸು, ಮಾತು ಕಡಿಮೆ. ಜೊತೆಗೆ ಮಾಳಪ್ಪನ ಅಣ್ಣ ಸಿದ್ದಣ್ಣ. ಅವನಿಗೆ ಮಾತೇ ಕಸುಬು. ಬಂದವನೇ ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದ: “ಹೆಣ್ಣಮಗಳು ಕುರಿ ಕಾಯ್ತೀನಂತಾಳ್ರಿ! ಹಿರ್ಯಾರ ಮುಂದ ಮಾತಾಗ್ಯಾದ. ಶಿವರಾತ್ರಿತನಾ ನೋಡ್ತೀವಿ. ತಾನೇ ಹೊಡ್ಕೊಂಡು ಹೋಗಿ ತಾನೇ ಹೊಳ್ಳಿ ತಂದ್ಳು ಅಂದ್ರ ಹಿಂಡು ಅಕಿದು. ಇಲ್ಲಾಂದ್ರ ನಾ ಮಾರಾವ.”

ಲಚ್ಚವ್ವ ಅವನ ಕಡೆ ನೋಡಲಿಲ್ಲ. ಕಂಬಳಿಯ ತುಂಡಿನಲ್ಲಿ ಸುತ್ತಿದ ಡಿಸ್ಕನ್ನೂ, ಸೆಲ್ಲು ಹಾಕಿ ನಡೆಸುವ ಒಂದು ಸಿಡಿ ಟೇಪನ್ನೂ ಮುಂದಿಟ್ಟಳು. “ಇದರಾಗಿನ ಕೂಗು ಇದರಾಗ ಬರೂ ಹಂಗ ಮಾಡಿಕೊಡು ತಮ್ಮಾ” ಅಂದಳು. ಆ ಟೇಪಿಗೆ ಬೇಕಾಗಿದ್ದದ್ದು ಆಡಿಯೋ ಸಿಡಿ, ಮಾಳಪ್ಪನ ಜೋಡು ಡಿಸ್ಕ್ ಅದರಲ್ಲಿ ನಡೆಯುವುದಿಲ್ಲ. ಅಷ್ಟರಲ್ಲಿ ಸಿದ್ದಣ್ಣ ತನ್ನ ಮೊಬೈಲ್ ತೆಗೆದು, “ಮದಲ ಇದರಾಗಿನ ಅವನ ಫೋಟೋ ಆ ಡಿಸ್ಕಿಗಿ ಸೇರ್ಸು. ಟೀವಿಗಿ ಹಚ್ಚಿದ್ರ ಮಂದಿಗಿ ಮಾರಿ ಕಾಣಬೇಕು” ಅಂದ.

ಸಂತೆಯ ದಿನ, ಅಂಗಡಿ ತುಂಬಿತ್ತು. ಯಾರೋ ಒಬ್ಬ, “ಸಂಗಪ್ಪಾ, ನಿಮ್ಮ ಉಸ್ತಾದನ ನಕಲು ಮಾಡು ಒಂದೀಟು” ಅಂದ. ನನಗೆ ಅಷ್ಟು ಸಾಕಾಯಿತು. ಒಂದು ಕೈಯಲ್ಲಿ ಕಮಾಂಡ್ ಬರೆಯುತ್ತ, ಇನ್ನೊಂದು ಕೈಯಲ್ಲಿ ಮೂಗು ಹಿಡಿದು, “ಪೈಲೆ ಕಾಪಿ, ಫಿರ್ ರೈಟ್! ಸಮ್ಝಾ ಕ್ಯಾ ಗಧೇ?” ಅಂದೆ. ಜನ ಬಿದ್ದು ಬಿದ್ದು ನಕ್ಕರು. ಹಾಗೆ ಅನ್ನುತ್ತಲೇ ನಾನು ಕಾಪಿ ಮಾಡದೆ ರೈಟ್ ಮಾಡುತ್ತಿದ್ದೆ. ಎರಡು ಅಂಕಿ ಕೇಳಿದೆ, ಎರಡೂ ಕೊಟ್ಟೆ. ಹಳೇ ಬರಹವನ್ನು ತೋರಿಸಲಿಲ್ಲ. ನಗು ಆರುವ ಮೊದಲು ಎಂಟರ್ ಒತ್ತಬೇಕಿತ್ತು, ಒತ್ತಿದೆ. ಮಾಳಪ್ಪನ ಡಿಸ್ಕಿಗೆ ಐದನೇ ಸೆಷನ್ ಬಿತ್ತು.

ತೆರೆದು ನೋಡಿದರೆ ಒಂದೇ ಒಂದು ಫೈಲು. ಮಾಳಪ್ಪನ ಫೋಟೋ. ಹಾಡಿಲ್ಲ, ಕೂಗಿಲ್ಲ.

ನಮ್ಮ ಕಂಪ್ಯೂಟರಿನಲ್ಲೂ ಅವನ ದನಿ ಉಳಿದಿರಲಿಲ್ಲ. ಹಾರ್ಡ್ ಡಿಸ್ಕ್ ಚಿಕ್ಕದು, ಪ್ರತಿ ಶುಕ್ರವಾರ ಹಳೆಯದನ್ನೆಲ್ಲ ಅಳಿಸುವುದು ನನ್ನದೇ ಕೆಲಸ. ಆ ಕೆಲಸವನ್ನು ಮಾತ್ರ ನಾನು ಎಂದೂ ತಪ್ಪಿಸಿರಲಿಲ್ಲ.

“ಮಷಿನ್ ಕಾದದ ಯಕ್ಕಾ. ಮುಂದಿನ ಸಂತಿಗಿ ಬಾ” ಅಂದೆ. ಲಚ್ಚವ್ವ ತಲೆಯಾಡಿಸಿ ಟೇಪನ್ನು ಎತ್ತಿಕೊಂಡಳು. ಡಿಸ್ಕ್ ನನ್ನ ಹತ್ತಿರ ಉಳಿಯಿತು.

ಜಹೀರಾಬಾದಿಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ಮಾಡಿದರೆ ಉಸ್ತಾದರು ಬೈಯುವುದಿಲ್ಲ, ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿನ ನಕಲು ನನಗೆ ಬರುತ್ತಿರಲಿಲ್ಲ, ಅದಕ್ಕೇ ಅದೆಂದರೆ ಹೆದರಿಕೆ.

ಮೂರು ದಿನ ಒದ್ದಾಡಿ, ನಾಲ್ಕನೇ ದಿನ ಊಟದ ಹೊತ್ತಿಗೆ ಶಟರ್ ಅರ್ಧ ಇಳಿಸಿದೆ. ಫ್ಯಾನ್ ನಿಲ್ಲಿಸಿ ಮೈಕಿನ ಮುಂದೆ ಕೂತೆ. ಮೊದಲು ಒಂದು ಹಾಡು ಹಾಡಿದೆ, ಸಾಲಿನ ಕೊನೆಗೆ ಸಿಳ್ಳೆ ಬಿಟ್ಟು. ಆಮೇಲೆ ಎದ್ದು ನಿಂತು, ಮೊಣಕಾಲಿಗೆ ಕೈ ಊರಿ ಕೂಗಿದೆ. ಇಪ್ಪತ್ತು ಸಲ ಕೂಗಿರಬೇಕು. ಅದರಲ್ಲಿ ಚೆನ್ನಾಗಿ ಬಂದವನ್ನು ಆರಿಸಿ, ನಡುವಿನ ಖಾಲಿ ಜಾಗವನ್ನೆಲ್ಲ ಕತ್ತರಿಸಿ ಒಂದಕ್ಕೊಂದು ಜೋಡಿಸಿದೆ. ಹೆಡ್‌ಫೋನಿನಲ್ಲಿ ಕೇಳಿದೆ. ಮಾಳಪ್ಪನೇ! ನನಗೇ ಮೈ ಜುಂ ಅಂದಿತು.

ಇಲ್ಲೊಂದು ಮಾತು ಹೇಳಬೇಕು. ಆ ಸುಳ್ಳು ಸಿಡಿಗೆ ನಾನು ಉಸ್ತಾದರ ಎಲ್ಲ ನಿಯಮ ಪಾಲಿಸಿದೆ. ಮೊದಲು ಕಾಪಿ ಇಟ್ಟುಕೊಂಡೆ. ಅಂಕಿಗಳ ಹಿಂದುಮುಂದು ನೋಡಿದೆ. ನಿಧಾನದ ವೇಗದಲ್ಲಿ ಬರೆದೆ, ಮುಂದೆ ಏನೂ ಸೇರದ ಹಾಗೆ ಡಿಸ್ಕನ್ನು ಸರಿಯಾಗಿ ಮುಚ್ಚಿದೆ, ಪೂರ್ತಿ ಕೇಳಿದೆ. ಹನ್ನೊಂದು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಅಚ್ಚುಕಟ್ಟಾದ ಸಿಡಿ ಅದು.

ಸಂತೆಗೆ ಲಚ್ಚವ್ವ ಒಬ್ಬಳೇ ಬಂದಳು. ಅವಳ ಟೇಪಿನಲ್ಲೇ ಹಾಕಿ ಕೇಳಿಸಿದೆ. ಹಾಡು ಬಂದಾಗ ನೆಲ ನೋಡುತ್ತಿದ್ದಳು. ಕೂಗು ಬಂದಾಗ ತಲೆ ಎತ್ತಿದಳು.

“ಇನ್ನೊಮ್ಮಿ ಹಚ್ಚು” ಅಂದಳು.

ಹಚ್ಚಿದೆ. ಟೇಪು ನೋಡಲಿಲ್ಲ, ನನ್ನ ಮುಖ ನೋಡಿದಳು.

“ಇದೇ ಏನು ತಮ್ಮಾ?”

“ಇದೇ ಯಕ್ಕಾ.”

“ಹಳೇದು?”

“ಅದು ಸವದದ ಯಕ್ಕಾ. ಇನ್ನ ಕೆಲಸಕ್ಕ ಬರಲ್ಲ. ಇದೇ ಗಟ್ಟಿ.”

“ಆತು” ಅಂದು ಹೊಸ ಸಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ನಾನು ಗೆದ್ದೆ ಅಂದುಕೊಂಡೆ. ಹಳೇ ಡಿಸ್ಕನ್ನು ಬಿಸ್ಕೀಟಿನ ಖಾಲಿ ಡಬ್ಬಿಯೊಂದರಲ್ಲಿ ಹಾಕಿ ಕಪಾಟಿನ ಹಿಂದೆ ತಳ್ಳಿದೆ. ಯಾಕೆ ಬಿಸಾಡಲಿಲ್ಲ? ಕಸದವಳು ಎತ್ತಿ ಯಾರಿಗಾದರೂ ತೋರಿಸಿಯಾಳು ಅಂತ ಭಯ. ಒಳ್ಳೆಯತನದಿಂದ ಇಟ್ಟುಕೊಂಡೆ ಅಂತ ನೀವು ತಿಳಿಯಬಾರದು.

ಶಿವರಾತ್ರಿ ಮುಗಿದ ಮೇಲೆ ಸಿದ್ದಣ್ಣ ಬಂದ. ಮಗನ ಮದುವೆಗೆ ಸಿನಿಮಾ ಹಾಡಿನ ಸಿಡಿ ಬೇಕಿತ್ತು. ಕೈಯಲ್ಲಿ ಲಚ್ಚವ್ವನ ಅದೇ ಟೇಪು. ನಾನು ಕೇಳದೆಯೇ ಶುರು ಮಾಡಿದ.

“ನಿನ್ನ ಡಿಸ್ಕ್ ಛಲೋ ಇತ್ತಪಾ, ಸುಳ್ಳ್ಯಾಕ ಹೇಳಬೇಕು. ಬೆಳಗ್ಗೆ ಟೇಪ್ ಬಗಲಾಗ ಇಟ್ಕೊಂಡು ಹಿಂಡು ಹೊಡ್ಕೊಂಡು ಹೊಂಟ್ಳು. ನಾವೆಲ್ಲಾ ನೋಡ್ಲಿಕತ್ತಿದ್ವಿ. ರೋಡ್ ದಾಟೂತನಾ ಹೋದವು. ಅಲ್ಲಿ ಒಂದಿಷ್ಟು ಹಿಂದ ಉಳದ್ವು. ಅಕಿ ನಿಂತು ಟೇಪ್ ಹಚ್ಚಿದ್ಳು. ಕುರಿ ತಲಿ ಎತ್ತಿದ್ವು, ನಾಕ್ ಹೆಜ್ಜಿ ಬಂದ್ವು. ಅದೇನು ಅಂಜಿಕಿ ಬಂತೋ, ಟೇಪ್ ಒದರಿದಂಗೆಲ್ಲಾ ಹೊಳ್ಳಿ ರೋಡಿಗೇ ಓಡ್ಲಿಕತ್ವು. ಒಂದೇ ಸವನಾ ಒದರ್ತದಲ್ಲ ಅದು! ಕಲ್ಲಿನ ಲಾರಿ ಬರ್ಲಿಕತ್ತಿತ್ತು.”

ಅವನು ಕೈಯಿಂದ ಗಾಳಿಯನ್ನು ಅಡ್ಡಡ್ಡ ಒರೆಸಿದ. ಅಷ್ಟರಲ್ಲೇ ತಿಳಿಯಿತು.

“ಮುಂದ ನಡಿಯೋ ಹೋತನೂ ಉಳೀಲಿಲ್ಲ. ಅಕಿ ರೋಡ್ ನಡುವ ಕುಂತುಬಿಟ್ಳು, ಟೇಪ್ ಇನ್ನಾ ಕೂಗ್ಲಿಕತ್ತಿತ್ತು. ನಾನೇ ಹೋಗಿ ಬಂದ್ ಮಾಡಿದೆ. ಉಳದಾವು ಅದೇ ವಾರ ದಲ್ಲಾಳಿಗಿ ಹಚ್ಚಿದ್ವಿ.”

“ಲಚ್ಚವ್ವಕ್ಕ?”

“ತಾಂಡೂರಿಗಿ ಹೋಗ್ಯಾಳ, ಫರಸಿ ಕಲ್ಲಿನ ಕೆಲಸಕ್ಕ. ಹೂಂ, ಹೇಳು, ಎಷ್ಟು ಹಾಡು ಕುಂದರ್ತಾವ ಒಂದರಾಗ?”

ಹದಿನೆಂಟು ಹಾಡು ಕೂರಿಸಿಕೊಟ್ಟೆ. ಪೂರ್ತಿ ಕೇಳಿಯೇ ಕೊಟ್ಟೆ. ಅವತ್ತಿನಿಂದ ಯಾರಾದರೂ ನಕಲು ಮಾಡು ಅಂದರೆ ಗಂಟಲು ಕೆಟ್ಟಿದೆ ಅನ್ನುತ್ತಿದ್ದೆ. ಎಂಟು ದಿನ ಹಾಗೆ ಅಂದೆ. ಒಂಬತ್ತನೇ ದಿನ ಕಂಡಕ್ಟರನ ನಕಲು ಮಾಡಿದೆ. ನಾನೇನು ಸನ್ಯಾಸಿಯಲ್ಲ. ಮಾಳಪ್ಪನ ನಕಲು ಮಾತ್ರ ಆಮೇಲೆ ಬರಲಿಲ್ಲ. ಬೇಡವೆಂದು ಬಿಟ್ಟದ್ದಲ್ಲ, ಗಂಟಲೇ ಒಪ್ಪಲಿಲ್ಲ.

ಮೊಬೈಲಿಗೆ ಮೆಮೊರಿ ಕಾರ್ಡ್ ಬಂದ ಮೇಲೆ ನಾರಾಯಣಖೇಡದ ಅಂಗಡಿ ನಡೆಯಲಿಲ್ಲ. ಉಸ್ತಾದರು ನನ್ನನ್ನು ತಾಂಡೂರಿನ ತಮ್ಮ ಗೆಳೆಯರೊಬ್ಬರ ಅಂಗಡಿಗೆ ಕಳಿಸಿದರು. ಸಾಮಾನು ಕಟ್ಟುವಾಗ ಕಪಾಟಿನ ಹಿಂದಿನ ಬಿಸ್ಕೀಟಿನ ಡಬ್ಬಿಯೂ ಚೀಲಕ್ಕೆ ಬಿತ್ತು. ತಾಂಡೂರಿನ ಗಾಳಿಯಲ್ಲಿ ಕಲ್ಲಿನ ಪುಡಿ. ಅದು ರೈಟರಿನ ಒಳಗೆ ಕೂತು ಹತ್ತರಲ್ಲಿ ನಾಲ್ಕು ಡಿಸ್ಕ್ ಹಾಳು ಮಾಡುತ್ತಿತ್ತು. ಹಾಳಾದದ್ದನ್ನು ನಾನು ಹೊಲಗಳಿಗೆ ಹಕ್ಕಿ ಬೆದರಿಸಲು ಕೊಡುತ್ತಿದ್ದೆ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಲಚ್ಚವ್ವನನ್ನು ಕಂಡೆ. ಕಬ್ಬಿನ ಹಾಲಿನ ಗಾಡಿಯ ಹಿಂದೆ ಅಡಗಿ ಕೂತೆ. ಗಾಡಿಯವನು, “ಏನ್ ಕಳ್ಕೊಂಡ್ರಿ ಸಿಡಿ ಅಣ್ಣಾ?” ಅಂದ. ಎದ್ದು ಎರಡು ಗ್ಲಾಸು ಕುಡಿದೆ.

ಗಿರಾಕಿಗಳು ಬರುವುದು ನಿಲ್ಲುತ್ತ ಬಂತು. ಅಂಥ ಒಂದು ಮಧ್ಯಾಹ್ನ, ಮಾಡಲು ಏನೂ ಇಲ್ಲದೆ, ಲಿನಕ್ಸಿನೊಳಗೇ ಇರುವ ಕೈಪಿಡಿಯನ್ನು ಓದಲು ಕೂತೆ. ಎಲ್ಲ ಕಮಾಂಡುಗಳ ವಿವರ ಅದರಲ್ಲಿರುತ್ತದೆ. ಹತ್ತು ವರ್ಷ ಆ ಕಮಾಂಡುಗಳ ಅನ್ನ ತಿಂದರೂ ಒಂದು ಪುಟ ದಾಟಿ ಓದಿರಲಿಲ್ಲ. ಡಿಸ್ಕ್ ತೆರೆಯುವ ಕಮಾಂಡಿನ ವಿವರದಲ್ಲಿ, ಕೆಳಗೆಲ್ಲೋ, ಒಂದು ಸಾಲಿತ್ತು. ಕೊನೆಯ ಸೆಷನ್ ಬೇಡವಾದರೆ ಬೇಕಾದ ಸೆಷನ್ನಿನ ಸಂಖ್ಯೆ ಕೊಟ್ಟು ಡಿಸ್ಕನ್ನು ತೆರೆಯಬಹುದು.

ಆ ಸಾಲನ್ನು ಮೂರು ಸಲ ಓದಿದೆ. ಅಂದರೆ ಹಳೆಯದು ಅಳಿದಿಲ್ಲ. ಹೊಸ ರೇಷನ್ ಕಾರ್ಡಿನಲ್ಲಿ ಅಜ್ಜನ ಹೆಸರು ಬಿಟ್ಟುಹೋದರೆ ಡೀಲರನ ಪಾಲಿಗೆ ಅಜ್ಜ ಇಲ್ಲ, ಮನೆಯಲ್ಲಿ ಅಜ್ಜ ಕೆಮ್ಮುತ್ತಲೇ ಇರುತ್ತಾನೆ. ಹಾಗೆ.

ಡಬ್ಬಿ ತೆಗೆದೆ. ಮಾಳಪ್ಪನ ಡಿಸ್ಕನ್ನು ಬನಿಯನ್ನಿನಿಂದ ಒರೆಸಿ ಒಳಗೆ ಹಾಕಿ, ನಾಲ್ಕನೇ ಸೆಷನ್ ತೆರೆ ಅಂತ ಬರೆದೆ. ಮೂರು ಹಾಡು, ಒಂದು ಕೂಗು. ನಾಲ್ಕೂ ಇದ್ದವು. ಅವಳು ಕೌಂಟರಿನ ಮುಂದೆ ನಿಂತಿದ್ದ ದಿನವೂ ಇದ್ದವು, ನಾನು ಶಟರ್ ಇಳಿಸಿಕೊಂಡು ಸಿಳ್ಳೆ ಹಾಕುತ್ತಿದ್ದ ದಿನವೂ ಇದ್ದವು. ಒಂದು ಸಾಲಿನಷ್ಟು ದೂರದಲ್ಲಿ.

ಉಸ್ತಾದರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಹಳೇ ಸೆಷನ್ ತೆಗಿಯೂದು ನನಗ ಮದಲ ದಿನದಿಂದ ಗೊತ್ತಿತ್ತಲ್ಲೋ. ಮೇರೆಕು ಕಾಯ್ಕು ನೈ ಪೂಛಾ? ನನಗ್ಯಾಕ ಕೇಳ್ಲಿಲ್ಲ?” ಅಂದರು. ನಾನು ಹೆದರಿದ್ದ ಆ ನಿಟ್ಟುಸಿರು ಅವತ್ತು ಫೋನಿನಲ್ಲಿ ಬಂತು.

ತಮ್ಮಂದಿರಾ, ಕಾಣದ ಡಿಸ್ಕನ್ನು ಬಿಸಾಡಬೇಡಿ ಅಂದದ್ದು ಇದಕ್ಕೆ. ತಿಳಿದವರನ್ನು ಕೇಳಿ. ಬೈಸಿಕೊಳ್ಳಿ. ಬೈಸಿಕೊಂಡು ಯಾರೂ ಸತ್ತಿಲ್ಲ.

ಭಾನುವಾರ ಪಾಲಿಷ್ ಮಷಿನ್ನುಗಳು ನಿಂತಿರುತ್ತವೆ. ಅಂಗಡಿಯ ಲ್ಯಾಪ್‌ಟಾಪ್ ಹಿಡಿದು ಅವಳ ಮನೆ ಕೇಳುತ್ತ ಹೋದೆ. ಕಲ್ಲಿನ ಘಟಕದ ಹಿಂದೆ ಕೆಲಸಗಾರರ ಸಾಲು ಮನೆಗಳು, ಕೊನೆಯದು ಲಚ್ಚವ್ವನದು. ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ತೊಳೆದರೂ ಹೋಗದ ಬಿಳಿ ಪುಡಿ ಅವಳ ಉಗುರಿನ ಸಂದಿಯಲ್ಲಿತ್ತು. ನನ್ನ ಗುರುತು ಹಿಡಿದಳು.

“ಏನು ತಮ್ಮಾ, ಇಷ್ಟ ದೂರ?”

“ಮಾಳಪ್ಪಣ್ಣನ ಕೂಗು ತಂದೀನಿ ಯಕ್ಕಾ.”

ಲಚ್ಚವ್ವ ಮೊರವನ್ನು ಪಕ್ಕಕ್ಕಿಟ್ಟಳು. ನಾನು ಹೊಸ್ತಿಲ ಕೆಳಗೆ ಕೂತು ಹಚ್ಚಿದೆ.

ಟ್ರ್‌ರ್‌ರ್, ಹೋಽಽ ಬಾ. ಆಮೇಲೆ ಏನೂ ಇಲ್ಲ. ನಮ್ಮ ನಾರಾಯಣಖೇಡದ ಫ್ಯಾನಿನ ಕಿರಕಿರ, ಮಾಳಪ್ಪನ ಉಸಿರು. ಮತ್ತೆ ಕೂಗು, ಮತ್ತೆ ಅದೇ ಸುಮ್ಮನಿರುವುದು. ಅದರ ನಡುವೆ ನನ್ನದೇ ದನಿ ಬಂತು: “ಅಣ್ಣಾ, ನಡುವ ಸುಮ್ಮ ಯಾಕ ನಿಲ್ತಿ?” ಅವನ ದನಿ: “ಅವು ಬರಬೇಕಲ್ಲೋ.” ನಾನು ಕತ್ತರಿಸಿ ಎಸೆದದ್ದು ಇದನ್ನೇ. ನನ್ನ ಸಿಡಿಯಲ್ಲಿ ಬೆನ್ನುಬೆನ್ನಿಗೆ ಬರೀ ಕೂಗೇ ಇತ್ತು. ಕುರಿಗೆ ಬರಲು ನಾನು ಹೊತ್ತೇ ಬಿಟ್ಟಿರಲಿಲ್ಲ.

ಲಚ್ಚವ್ವ ಕೊನೆಯ ತನಕ ಕೇಳಿದಳು. ಮುಗಿದ ಮೇಲೂ ಸ್ವಲ್ಪ ಹೊತ್ತು ಲ್ಯಾಪ್‌ಟಾಪಿನ ಕಡೆ ಕಿವಿಗೊಟ್ಟೇ ಇದ್ದಳು. ಆಮೇಲೆ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

“ಯಕ್ಕಾ” ಅಂದೆ. ಯಾರ ದನಿಯೂ ಇಲ್ಲದ ನನ್ನ ಬರೀ ದನಿ ನನಗೇ ಗುರುತು ಸಿಗಲಿಲ್ಲ. “ಅವತ್ತ ನಾ ಕೊಟ್ಟದ್ದು ಮಾಳಪ್ಪಣ್ಣಂದು ಅಲ್ಲ. ಅದು ನಾನು ಕೂಗಿದ್ದು.”

“ಅವತ್ತೇ ಗೊತ್ತಾಗಿತ್ತು.”

“ಗೊತ್ತಾಗಿ ಯಾಕ ಒಯ್ದಿ?”

ಅವಳು ಅಕ್ಕಿಯೊಳಗಿಂದ ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದಳು.

“ಕುರಿಗಿ ಗೊತ್ತಾಗಲಿಕ್ಕಿಲ್ಲ ಅಂದ್ಕೊಂಡೆ ತಮ್ಮಾ.”